ಭಿನ್ನರಾಶಿ ಪ್ರಾಕ್ಟೀಸ್ ಅಂದ್ರೆ ಮಕ್ಕಳು ಮುಖ ತಿರುಗಿಸೋದ್ಯಾಕೆ, ಅದಕ್ಕೆ ಏನ್ ಮಾಡಬಹುದು

ಪ್ರಶ್ನೆ: ನಾನು ಆರು ಮತ್ತೆ ಏಳನೇ ಕ್ಲಾಸಿಗೆ ಮ್ಯಾಥ್ಸ್ ತಗೋತೀನಿ. ಬೇರೆ ಪಾಠ ಹೇಗೋ ನಡೆದುಹೋಗತ್ತೆ, ಭಿನ್ನರಾಶಿ ಬಂತು ಅಂದ್ರೆ ಇಡೀ ಕ್ಲಾಸ್ ಡಲ್. ವರ್ಕ್‌ಶೀಟ್ ಕೊಟ್ರೆ ಇಬ್ಬರೋ ಮೂವರೋ ಮಾಡ್ತಾರೆ, ಉಳಿದವರು ಅವರದ್ದು ನೋಡ್ಕೊಂಡು ಬರೀತಾರೆ. ಗೇಮ್ ಆಡಿಸಿದ್ರೆ ಆ ಹೊತ್ತಿಗೆ ಭಾರೀ ಖುಷಿ, ಆದ್ರೆ ಮುಂದಿನ ಟೆಸ್ಟಲ್ಲಿ ಮತ್ತದೇ 1/2 + 1/3 = 2/5. ಪ್ರಾಕ್ಟೀಸು ಇಂಟರೆಸ್ಟಿಂಗೂ ಇರಬೇಕು, ತಲೆಗೂ ಹತ್ತಬೇಕು. ದಾರಿ ಏನು?

ಉತ್ತರ: ಗೇಮ್ ವಿಷಯ ಆಮೇಲೆ ಮಾತಾಡೋಣ, ಮೊದಲು ಆ 2/5 ನೋಡಿ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ರೆ ಅರ್ಧಕ್ಕಿಂತ ಜಾಸ್ತಿ ಆಗಬೇಕು ತಾನೇ, 2/5 ಅರ್ಧಕ್ಕಿಂತ ಕಮ್ಮಿ. ಅಂದ್ರೆ ಕೂಡಿಸಿದ ಮೇಲೆ ಮೊದಲಿದ್ದಿದ್ದೂ ಸ್ವಲ್ಪ ಮಾಯ ಆಗಿದೆ. ಮಗುಗೆ ಇದು ವಿಚಿತ್ರ ಅಂತ ಅನ್ಸೋದೇ ಇಲ್ಲ, ಯಾಕಂದ್ರೆ ಅದರ ಕಣ್ಣಿಗೆ 1/2 ಅನ್ನೋದು ಒಂದು ಸಂಖ್ಯೆ ಅಲ್ಲ, ಮೇಲೊಂದು ಕೆಳಗೊಂದು ಬರೆದಿರೋ ಎರಡು ಸಂಖ್ಯೆ. ಮೇಲಿನವು ಎರಡನ್ನ ಕೂಡಿಸ್ತು, ಕೆಳಗಿನವು ಎರಡನ್ನ ಕೂಡಿಸ್ತು, ಮುಗೀತು. ಇದು ಸೋಮಾರಿತನ ಅಲ್ಲ, ಇಷ್ಟು ವರ್ಷ ಪೂರ್ಣ ಸಂಖ್ಯೆಗಳ ಜೊತೆ ಸರಿಯಾಗಿ ಕೆಲಸ ಮಾಡಿದ ಅಭ್ಯಾಸಾನೇ ಇಲ್ಲೂ ಓಡ್ತಿದೆ ಅಷ್ಟೆ.

ಇದು ನಿಮ್ಮ ಕ್ಲಾಸಿನ ಕಥೆ ಮಾತ್ರ ಅಂದ್ಕೋಬೇಡಿ. ಅಮೆರಿಕದಲ್ಲಿ 1978ರಲ್ಲಿ ರಾಷ್ಟ್ರಮಟ್ಟದ ಒಂದು ಮೌಲ್ಯಮಾಪನ ನಡೀತು, ಅದರಲ್ಲಿ 13 ವರ್ಷದ ಮಕ್ಕಳಿಗೆ 12/13 + 7/8 ಅಂದಾಜು ಎಷ್ಟು ಅಂತ ಕೇಳಿದ್ರು, ಲೆಕ್ಕ ಮಾಡೋದು ಬೇಡ, ಸುಮ್ನೆ ಅಂದಾಜು ಹೇಳಿ ಸಾಕು. ಆಯ್ಕೆಗಳು 1, 2, 19, 21, ಇಲ್ಲಾಂದ್ರೆ ಗೊತ್ತಿಲ್ಲ. ಎರಡೂ ಹತ್ತತ್ರ ಒಂದೊಂದು, ಹಾಗಾಗಿ ಉತ್ತರ 2. ಅದನ್ನ ಆರಿಸಿದವರು 24 ಪರ್ಸೆಂಟ್. 19 ಅಂದವರು 28, 21 ಅಂದವರು 27! 12 ಮತ್ತೆ 7 ಕೂಡಿಸಿದ್ರೆ 19, 13 ಮತ್ತೆ 8 ಕೂಡಿಸಿದ್ರೆ 21, ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾಗಿಲ್ಲ.

ಬೋರ್ ಆಗೋದು ಇಲ್ಲಿಂದಾನೇ ಅಂತ ನನ್ನ ಅಭಿಪ್ರಾಯ. ತಾನು ಬರೆದ ಉತ್ತರ ನಂಬೋ ಥರ ಇದ್ಯಾ ಇಲ್ವಾ ಅಂತ ಮಗುಗೆ ತಾನೇ ಚೆಕ್ ಮಾಡ್ಕೊಳಕ್ಕೆ ಆಗಲ್ಲ ಅಂದ್ರೆ ಪ್ರತಿ ಲೆಕ್ಕನೂ ಕಣ್ಮುಚ್ಚಿ ಕಲ್ಲೆಸೆಯೋದೇ, ಬಿತ್ತೋ ಇಲ್ವೋ ಅಂತ ಟೀಚರ್ ರೈಟ್ ಹಾಕಿದ ಮೇಲೇ ಗೊತ್ತಾಗೋದು, ಅಂಥದ್ದನ್ನ ಇಪ್ಪತ್ತು ಸಲ ಮಾಡು ಅಂದ್ರೆ ಯಾರಿಗೆ ಮನಸ್ಸು ಬರತ್ತೆ ಹೇಳಿ. ಪಕ್ಕದವನದ್ದು ನೋಡಿ ಬರೆಯೋದು ಬುದ್ಧಿವಂತಿಕೆನೇ ಆಗತ್ತೆ ಆಗ. ಹಾಗಾಗಿ ಪ್ರಾಕ್ಟೀಸಿಗೆ ಬಣ್ಣ, ಮ್ಯೂಸಿಕ್, ಪಾಯಿಂಟ್ಸ್ ಸೇರಿಸಿದ್ರೆ ಆ ಕೆಲಸ ಬದಲಾಗಲ್ಲ. ಭಿನ್ನರಾಶಿಯ ಗಾತ್ರದ ಬಗ್ಗೆ ಯೋಚ್ನೆ ಮಾಡದೆ ಮುಂದೆ ಹೋಗಕ್ಕೇ ಆಗದ ಥರ ಪ್ರಶ್ನೆ ಇರಬೇಕು.

ನೀವು ಆಡಿಸಿದ ಗೇಮ್ ಯಾವುದು ಅಂತ ಬರೆದಿಲ್ಲ, ಆದ್ರೆ ಊಹೆ ಮಾಡಬಲ್ಲೆ. ಯಾರು ಬೇಗ ಹೇಳ್ತಾರೋ ಅವರಿಗೆ ಪಾಯಿಂಟು, ಚಕ್ರ ತಿರುಗಿಸಿ ಪ್ರಶ್ನೆ, ಬಿಂಗೋ, ಮೊಬೈಲಲ್ಲಿ ಟೈಮರ್ ಇಟ್ಟ ಕ್ವಿಜ್, ಈ ಥರದ್ದು. ಇವೆಲ್ಲದರಲ್ಲೂ ಒಳಗಿರೋದು ಅದೇ ವರ್ಕ್‌ಶೀಟು. ಗೆಲ್ಲೋನು ಮೊದಲೇ ಬರ್ತಿದ್ದೋನು, ಸೋಲೋನು ಸುಮ್ನೆ ಕೂಗಾಡಿ ಮಜಾ ತಗೋತಾನೆ. ಟೈಮರ್ ಅಂತೂ ಭಿನ್ನರಾಶಿಗೆ ಶತ್ರು, ನಿಂತು ಯೋಚ್ನೆ ಮಾಡು ಅಂತ ನಾವು ಹೇಳ್ತೀವಿ, ಓಡು ಅಂತ ಗಡಿಯಾರ ಹೇಳತ್ತೆ, ಮಗು ಗಡಿಯಾರದ ಮಾತೇ ಕೇಳತ್ತೆ. ಒಂದು ಆಟ ಒಳ್ಳೇದಾ ಅಂತ ನೋಡಕ್ಕೆ ನಾನು ಕೇಳ್ಕೊಳ್ಳೋದು ಒಂದೇ ಪ್ರಶ್ನೆ: ಭಿನ್ನರಾಶಿ ಬಗ್ಗೆ ಏನೂ ಯೋಚ್ನೆ ಮಾಡದೆ ಇದರಲ್ಲಿ ಗೆಲ್ಲಕ್ಕೆ ಆಗತ್ತಾ? ಆಗತ್ತೆ ಅಂದ್ರೆ ಅದನ್ನ ವರ್ಷದ ಕೊನೇ ದಿನಕ್ಕೆ ಇಟ್ಕೊಳ್ಳಿ.

ಈಗ ನಾನು ತುಂಬಾ ನಂಬೋ ಒಂದು ಆಟ ಹೇಳ್ತೀನಿ. ಬೋರ್ಡ್ ಮೇಲೆ ನಾಲ್ಕು ಖಾಲಿ ಚೌಕ ಬರೀರಿ, ಎರಡು ಭಿನ್ನರಾಶಿ, ನಡುವೆ ಪ್ಲಸ್. ನಾಲ್ಕು ಅಂಕಿ ಕೊಡಿ, ಉದಾಹರಣೆಗೆ 2, 3, 5, 6. ಒಂದೊಂದು ಅಂಕಿ ಒಂದೇ ಸಲ ಬಳಸಬೇಕು, ಮೊತ್ತ 1ಕ್ಕೆ ಎಷ್ಟಾಗತ್ತೋ ಅಷ್ಟು ಹತ್ರ ಬರಬೇಕು. ಅಷ್ಟೇ ರೂಲ್ಸು.

ಮೊದಲ ನಿಮಿಷದಲ್ಲಿ ಸಾಮಾನ್ಯವಾಗಿ ಬರೋದು 2/3 + 5/6, ಯಾಕಂದ್ರೆ ಅಂಕಿಗಳು ಆ ಆರ್ಡರಲ್ಲೇ ಇವೆ. ಅದು ಒಂದೂವರೆ, ಜಾಸ್ತಿ ಆಯ್ತು. ಆಮೇಲೆ ಯಾರಾದ್ರೂ 2/5 + 3/6 ಅಂತಾರೆ. ಇದನ್ನ ಲೆಕ್ಕ ಮಾಡೋ ಮುಂಚೆನೇ ಅಳೆದುಬಿಡಬಹುದು, 3/6 ಸರಿಯಾಗಿ ಅರ್ಧ, 2/5 ಅರ್ಧಕ್ಕಿಂತ ಸ್ವಲ್ಪ ಕಮ್ಮಿ, ಹಾಗಾಗಿ 1ಕ್ಕಿಂತ ಸ್ವಲ್ಪ ಕಮ್ಮಿ. ಎಷ್ಟು ಕಮ್ಮಿ ಅಂದ್ರೆ 1/10. ಇನ್ನೂ ಹತ್ರ ಹೋಗಬಹುದಾ ಅಂತ ಕೇಳಿ, ಅಷ್ಟರಲ್ಲಿ ಇನ್ನೊಂದು ಮೂಲೆಯಿಂದ 3/5 + 2/6 ಬರತ್ತೆ. ಬರೀ ಮೇಲಿನ ಎರಡು ಅಂಕಿ ಅದಲು ಬದಲು ಮಾಡಿರೋದು. ಇದು 18/30 + 10/30, ಅಂದ್ರೆ 28/30, ಕೊರತೆ ಬರೀ 1/15. ಹಿಂದಿನದ್ದು 27/30 ಇತ್ತು. ಇಲ್ಲಿ ನಿಲ್ಲಿಸಿ ಕೇಳಬೇಕು, ಕೆಳಗಡೆ ಎರಡರಲ್ಲೂ ಅದೇ 5 ಅದೇ 6, ಹಾಗಾದ್ರೆ 3ನ್ನ 5ರ ಮೇಲೆ ಇಟ್ರೆ ಯಾಕೆ ಜಾಸ್ತಿ ಬಂತು? ಐದನೇ ಒಂದು ಭಾಗ ಆರನೇ ಒಂದಕ್ಕಿಂತ ದೊಡ್ಡದು, ದೊಡ್ಡ ತುಂಡನ್ನ ಮೂರು ತಗೊಂಡು ಚಿಕ್ಕದನ್ನ ಎರಡು ತಗೊಂಡ್ರೆ ಲಾಭ ಅಂತ ಮಗು ತನ್ನ ಮಾತಲ್ಲಿ ಹೇಳಿದ್ರೆ ಆ ಪೀರಿಯಡ್ಡು ಸಾರ್ಥಕ.

ಗಮನಿಸಿ, ಇಷ್ಟರಲ್ಲಿ ಎಷ್ಟು ಸಂಕಲನ ಆಗೋಗಿರತ್ತೆ ಅಂತ. ನಾಲ್ಕು ಅಂಕಿಗೆ ಒಟ್ಟು ಹನ್ನೆರಡು ಬೇರೆ ಬೇರೆ ಜೋಡಣೆ ಇದೆ. ಎಲ್ಲವನ್ನೂ ಯಾರೂ ಮಾಡಲ್ಲ, ಮಾಡೋದೂ ಬೇಡ, ಮೇಲೆ ದೊಡ್ಡದು ಕೆಳಗೆ ಚಿಕ್ಕದು ಬಂದ್ರೆ ಅದೊಂದೇ 1 ದಾಟಿಬಿಡತ್ತೆ ಅಂತ ಬೇಗ ಗೊತ್ತಾಗಿ ಅರ್ಧಕ್ಕರ್ಧ ಜೋಡಣೆ ಲೆಕ್ಕ ಮಾಡದೇ ಬಿಟ್ಟುಬಿಡ್ತಾರೆ. ಆ ಬಿಡೋದೇ ಕಲಿಕೆ. ನೀವು ವರ್ಕ್‌ಶೀಟಲ್ಲಿ ಐದು ಸಂಕಲನ ಮಾಡಿ ಅಂದಿದ್ರೆ ಗೊಣಗ್ತಿದ್ದ ಮಕ್ಕಳು ಇಲ್ಲಿ ಆರೇಳು ಮಾಡಿರ್ತಾರೆ, ಯಾರೂ ಹೇಳದೆ.

ಇದನ್ನೇ ದಾಳ ಇಟ್ಟು ಆಡಿಸಿದ್ರೆ ಇನ್ನೂ ಬಿಸಿ ಏರತ್ತೆ. ಒಂದೊಂದು ಸಲ ದಾಳ ಬಿದ್ದಾಗಲೂ ಆ ಅಂಕಿಯನ್ನ ಆಗಲೇ ಒಂದು ಚೌಕಕ್ಕೆ ಬರೆದುಬಿಡಬೇಕು, ಆಮೇಲೆ ಬದಲಾಯಿಸೋ ಹಾಗಿಲ್ಲ, ಬೇಡದ ಅಂಕಿ ಎಸೆಯಕ್ಕೆ ಒಂದು ಕಸದ ಚೌಕ ಎಕ್ಸ್‌ಟ್ರಾ ಇರತ್ತೆ. ಮೊದಲಿಗೇ 6 ಬಿದ್ರೆ ಕೆಳಗೆ ಹಾಕಬೇಕಾ, ಕಸಕ್ಕಾ? ಕೆಳಗೆ ಹಾಕಿದೋನು ಯಾಕೆ ಹಾಕಿದ? ಅದೃಷ್ಟ ಸ್ವಲ್ಪ ಇರೋದ್ರಿಂದ ಕ್ಲಾಸಿನ ಟಾಪರ್ರೇ ಯಾವಾಗಲೂ ಗೆಲ್ಲಲ್ಲ, ಇದು ಸಣ್ಣ ವಿಷಯ ಅಲ್ಲ. ಯಾವಾಗಲೂ ಸೋಲೋ ಮಕ್ಕಳು ಆಟ ಬಿಟ್ಟುಬಿಡ್ತಾರೆ ನೋಡಿ.

ಚುರುಕಾಗಿರೋರಿಗೆ ಇನ್ನೊಂದು ಹೆಜ್ಜೆ. 1ರಿಂದ 9ರವರೆಗಿನ ಯಾವ ನಾಲ್ಕು ಅಂಕಿ ಬೇಕಾದ್ರೂ ತಗೋ, ಆದ್ರೆ 1 ದಾಟಬಾರದು, 1ನ್ನ ಮುಟ್ಟಲೂಬಾರದು, ಅತೀ ಹತ್ರ ಬರಬೇಕು. ಉತ್ತರ 7/8 + 1/9, ಅಂದ್ರೆ 71/72. ಇದಕ್ಕಿಂತ ಹತ್ರ ಬರಕ್ಕೆ ಆಗಲ್ಲ, ಯಾಕಂದ್ರೆ 1ರಿಂದ 9ರೊಳಗಿನ ಎರಡು ಅಂಕಿಗೆ ಸಿಗೋ ಅತಿ ದೊಡ್ಡ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದ್ರೆ ಎರಡರಿಂದಲೂ ಭಾಗ ಆಗೋ ಅತಿ ಚಿಕ್ಕ ಸಂಖ್ಯೆ) 72, ಕೊರತೆ 1/72ಕ್ಕಿಂತ ಕಮ್ಮಿ ಆಗೋ ಚಾನ್ಸೇ ಇಲ್ಲ. ಬರೀ 1ರಿಂದ 6ರವರೆಗೆ ಅಂದ್ರೆ 4/5 + 1/6, 29/30. ಎರಡನ್ನೂ ಪಕ್ಕ ಪಕ್ಕ ಬರೆದು ಬಿಟ್ಟುಬಿಡಿ, ಏನೂ ಹೇಳಬೇಡಿ. ಏನೋ ಪ್ಯಾಟರ್ನ್ ಇದೆ ಅಂತ ಯಾರಾದ್ರೂ ಎದ್ದೇ ಏಳ್ತಾರೆ. ಲ.ಸಾ.ಅ. ಅನ್ನೋದು ಲೆಕ್ಕದ ಮಧ್ಯ ಬರೋ ಒಂದು ಕಿರಿಕಿರಿ ಸ್ಟೆಪ್ಪು ಅಂದ್ಕೊಂಡಿದ್ದ ಮಗುಗೆ ಮೊದಲ ಸಲ ಅದರಿಂದ ಏನೋ ಉಪಯೋಗ ಕಾಣತ್ತೆ.

ಇನ್ನು ಹಗ್ಗದ ಸಂಖ್ಯಾರೇಖೆ. ಕ್ಲಾಸಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹಗ್ಗ, ಒಂದು ತುದಿ 0, ಇನ್ನೊಂದು ತುದಿ 2. 1 ಅಂತ ಬೇಕೂಂತಲೇ ಗುರುತು ಹಾಕಬೇಡಿ. ಮಕ್ಕಳ ಕೈಗೆ ಕಾರ್ಡು ಕೊಡಿ, 1/2, 3/4, 1/8, 4/4, 5/4, 9/10, 11/6, 0/5 ಹೀಗೆ. 1/2 ಸಿಕ್ಕಿದ ಮಗು ಸೀದಾ ಹಗ್ಗದ ಮಧ್ಯಕ್ಕೆ ಹೋಗಿ ತಗುಲಿಹಾಕೋದು ತುಂಬಾ ಕಾಮನ್, ಅರ್ಧ ಅಂದ್ರೆ ಮಧ್ಯ ಅಂತ. ತಪ್ಪು ಅಂತ ಹೇಳೋ ಆತುರ ಬೇಡ, ಸುಮ್ನಿರಿ. ಆಮೇಲೆ 4/4 ಕಾರ್ಡಿನೋಳು ಬರ್ತಾಳೆ, ಅವಳಿಗೆ ಬೇಕಾದ ಜಾಗದಲ್ಲಿ ಆಗಲೇ 1/2 ಕೂತಿದೆ. ಅಲ್ಲಿಂದ ಶುರುವಾಗೋ ಜಗಳನೇ ನಿಮ್ಮ ಪಾಠ. ನೀವು ಹೇಳಬೇಕಾದ ಮಾತು ಎರಡೇ, ಯಾಕೆ ಅಲ್ಲೇ, ಮತ್ತೆ, ಬೇರೆಯವರು ಏನಂತೀರಿ.

ಕಾರ್ಡುಗಳ ಆರ್ಡರ್ ಸರಿ ಆದ ಮೇಲೆ ಅಂತರ ನೋಡಿಸಿ. 3/4 ಮತ್ತೆ 5/4 ಎರಡೂ 1ರಿಂದ ಒಂದೇ ದೂರದಲ್ಲಿ ಇರಬೇಕು, ಇದ್ಯಾ? 9/10 ಮತ್ತೆ 1ರ ಮಧ್ಯ ಎಷ್ಟು ಜಾಗ ಬಿಟ್ಟಿದ್ದಾರೆ? 1/8ನ್ನ 1/2ಕ್ಕಿಂತ ಮುಂದೆ ಹಾಕೋರು ಇದ್ದೇ ಇರ್ತಾರೆ, ಎಂಟು ದೊಡ್ಡದಲ್ವಾ ಅಂತ. ಕೊನೆಗೆ ಒಂದು ಖಾಲಿ ಕಾರ್ಡ್ ಎತ್ತಿ ಹಿಡಿದು, 3/4 ಮತ್ತೆ 9/10ರ ಮಧ್ಯ ಒಂದು ಭಿನ್ನರಾಶಿ ಬರೀರಿ ಅನ್ನಿ, ಬರೆದಾದ ಮೇಲೆ ಅದಕ್ಕೂ 9/10ಕ್ಕೂ ಮಧ್ಯ ಇನ್ನೊಂದು, ಮತ್ತಿನ್ನೊಂದು, ಎಲ್ಲೀವರೆಗೆ ಹೋಗತ್ತೆ ನೋಡೋಣ ಅಂತ. ಹಗ್ಗಕ್ಕೆ ಜಾಗ ಇಲ್ಲ ಅಂದ್ರೆ ನೆಲದ ಮೇಲೆ ಚಾಕ್‌ಪೀಸಲ್ಲಿ ಗೆರೆ ಎಳೀರಿ, ಅದೇ ಕೆಲಸ ಆಗತ್ತೆ.

ಸಂಖ್ಯಾರೇಖೆಗೆ ಇಷ್ಟು ಒತ್ತು ಯಾಕೆ ಅಂದ್ರೆ, ದುಂಡು ಚಿತ್ರ ತುಂಡು ಮಾಡಿ ಬಣ್ಣ ತುಂಬೋದು ಮೂರನೇ ನಾಲ್ಕನೇ ಕ್ಲಾಸಿಗೆ ಸರಿ, ಅದರಲ್ಲೇ ನಿಂತುಬಿಟ್ರೆ 7/4 ಅಂದಾಗ ಮಗು ತಡಬಡಾಯಿಸತ್ತೆ, ನಾಲ್ಕು ತುಂಡಲ್ಲಿ ಏಳು ಹೇಗೆ ತಗೊಳ್ಳೋದು ಅಂತ. ರೇಖೆ ಮೇಲೆ ಆ ತೊಂದರೆ ಇಲ್ಲ, 7/4 ಒಂದು ಜಾಗ ಅಷ್ಟೆ, 2ಕ್ಕಿಂತ ಸ್ವಲ್ಪ ಹಿಂದೆ. 2010ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆಯ ಸಂಶೋಧನಾ ವಿಭಾಗ ಭಿನ್ನರಾಶಿ ಕಲಿಸೋ ಬಗ್ಗೆ ಟೀಚರ್‌ಗಳಿಗೆ ಒಂದು ಮಾರ್ಗದರ್ಶಿ ತಂದಿತ್ತು, ಅದರಲ್ಲೂ ಭಿನ್ನರಾಶಿನೂ ಸಂಖ್ಯೆನೇ ಅಂತ ಗೊತ್ತಾಗಕ್ಕೆ ಸಂಖ್ಯಾರೇಖೆನೇ ಮುಖ್ಯ ಸಾಧನ ಆಗಲಿ ಅಂತಾನೇ ಸಲಹೆ ಇದೆ. 2012ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಅಮೆರಿಕ ಮತ್ತೆ ಬ್ರಿಟನ್ ಎರಡೂ ಕಡೆಯ ಮಾಹಿತಿ ನೋಡಿ, ಹತ್ತು ವರ್ಷದ ಆಸುಪಾಸಲ್ಲಿ ಭಿನ್ನರಾಶಿ ಮತ್ತೆ ಭಾಗಾಕಾರ ಎಷ್ಟು ಗೊತ್ತಿತ್ತು ಅನ್ನೋದ್ರಿಂದ ಹೈಸ್ಕೂಲಿನ ಬೀಜಗಣಿತ ಹೇಗಿರತ್ತೆ ಅಂತ ಊಹಿಸಬಹುದು ಅಂತ ಕಂಡ್ಕೊಂಡ್ರು. ಅಂದ್ರೆ ನೀವು ಈ ಪಾಠಕ್ಕೆ ಎರಡು ವಾರ ಜಾಸ್ತಿ ಕೊಟ್ರೂ ಅದು ವೇಸ್ಟ್ ಅಲ್ಲ, ಪೋರ್ಷನ್ ಮುಗಿದಿಲ್ಲ ಅಂತ ಯಾರಾದ್ರೂ ಕೇಳಿದ್ರೆ ಇದನ್ನ ಹೇಳಿ.

ಮತ್ತೆ ಆ 2/5ಗೆ ಬರ್ತೀನಿ, ಅದನ್ನ ಬರೀ ಕೆಂಪು ಪೆನ್ನಲ್ಲಿ ಹೊಡೆದು ಬಿಸಾಕಿದ್ರೆ ಒಂದು ಒಳ್ಳೇ ಆಟ ಕಳ್ಕೊಂಡ ಹಾಗೆ. 1/2 ಮತ್ತೆ 1/3ರ ಮೇಲಿನದ್ದು ಮೇಲಿಂದಕ್ಕೆ, ಕೆಳಗಿನದ್ದು ಕೆಳಗಿಂದಕ್ಕೆ ಕೂಡಿಸಿದ್ರೆ 2/5. ಇದು ಮೊತ್ತ ಅಲ್ಲ, ಆದ್ರೆ ಎಲ್ಲಿದೆ ನೋಡಿ, 1/3 ಮತ್ತೆ 1/2ರ ಸರಿಯಾಗಿ ನಡುವೆ ಅಲ್ಲದಿದ್ರೂ ಎರಡರ ಮಧ್ಯ ಇದೆ. ಬೇರೆ ಜೋಡಿ ತಗೊಳ್ಳಿ, 1/4 ಮತ್ತೆ 2/3, ಈ ತಪ್ಪು ವಿಧಾನದಲ್ಲಿ 3/7, ಅದೂ ಮಧ್ಯದಲ್ಲೇ. ಯಾವಾಗಲೂ ಹೀಗೇನಾ? ಹೀಗಾಗದ ಒಂದು ಜೋಡಿ ಹುಡುಕಿ ತೋರಿಸಿ ಅಂತ ಚಾಲೆಂಜ್ ಹಾಕಿ ಸುಮ್ನಿದ್ದುಬಿಡಿ. ಹೋಲಿಸಿ ಹೋಲಿಸಿ ಸುಸ್ತಾಗ್ತಾರೆ, ಸಿಗಲ್ಲ. ಹೋಲಿಕೆಯ ಪ್ರಾಕ್ಟೀಸ್ ಇದಕ್ಕಿಂತ ಬೇಕಾ?

ಇದಕ್ಕೆ ಇತಿಹಾಸನೂ ಇದೆ. ಇಂಗ್ಲೆಂಡಿನ ಭೂವಿಜ್ಞಾನಿ ಜಾನ್ ಫೇರಿ ಅನ್ನೋನು 1816ರಲ್ಲಿ ಇದನ್ನ ಗಮನಿಸಿ ಒಂದು ಪತ್ರಿಕೆಗೆ ಬರೆದ. 0ಯಿಂದ 1ರವರೆಗಿನ, ಛೇದ 5 ದಾಟದ ಭಿನ್ನರಾಶಿಗಳನ್ನೆಲ್ಲ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ: 0/1, 1/5, 1/4, 1/3, 2/5, 1/2, 3/5, 2/3, 3/4, 4/5, 1/1. ಇದರಲ್ಲಿ ಯಾವುದೇ ಮೂರು ಅಕ್ಕಪಕ್ಕದವು ತಗೊಳ್ಳಿ, ಎರಡೂ ತುದಿಯವನ್ನ ಮಕ್ಕಳ ಸ್ಟೈಲಲ್ಲಿ ಕೂಡಿಸಿ ಸಂಕ್ಷೇಪಿಸಿದ್ರೆ ಮಧ್ಯದ್ದು ಬರತ್ತೆ. 1/4, 1/3, 2/5 ತಗೊಂಡ್ರೆ 3/9, ಅದು 1/3. ಈ ಪಟ್ಟಿಗೆ ಇವತ್ತಿಗೂ ಅವನದ್ದೇ ಹೆಸರು, ಅವನಿಗಿಂತ ಮುಂಚೆನೇ ಫ್ರಾನ್ಸಲ್ಲಿ ಹಾರೋಸ್ ಅನ್ನೋನು ಕಂಡಿದ್ದ ಅನ್ನೋದು ಬೇರೆ ಮಾತು. ಪಟ್ಟಿ ಮಾಡೋ ಕೆಲಸನೇ ಮಕ್ಕಳಿಗೆ ಕೊಡಿ, ಛೇದ 6ರವರೆಗೆ, ಆಮೇಲೆ 7ರವರೆಗೆ.

ಮಗು ಕೇಳಬಹುದು, ಹಾಗಾದ್ರೆ ನಾನು ಮಾಡಿದ್ದು ಎಲ್ಲೂ ಸರಿ ಇಲ್ವಾ ಅಂತ. ಇದೆ, ಮೊದಲ ರೌಂಡಲ್ಲಿ 2 ಹೊಡೆತಕ್ಕೆ 1 ಗುರಿ ಮುಟ್ಟಿತು, ಎರಡನೇ ರೌಂಡಲ್ಲಿ 3ಕ್ಕೆ 1, ಒಟ್ಟು 5ಕ್ಕೆ 2. ಅಲ್ಲಿ ಇದೇ ಸರಿ. ಆದ್ರೆ ಅಲ್ಲಿ ನಾವು ಎರಡು ಉದ್ದಗಳನ್ನ ತುದಿಗೆ ತುದಿ ಜೋಡಿಸ್ತಿಲ್ಲ, ಎರಡು ಗುಂಪನ್ನ ಬೆರೆಸ್ತಿದೀವಿ. ಎಲ್ಲಿ ಯಾವುದು ಅಂತ ಮಕ್ಕಳ ಕೈಲೇ ಉದಾಹರಣೆ ಹೇಳಿಸಿ. ತಪ್ಪು ಮಾಡ್ದೆ ಅಂತ ಮುದುರಿ ಕೂರೋ ಬದಲು ಆ ತಪ್ಪಿಗೂ ಒಂದು ಮನೆ ಇದೆ ಅಂತ ಗೊತ್ತಾದ್ರೆ ಅದನ್ನ ಮತ್ತೆ ಮಾಡೋದು ಕಮ್ಮಿ ಆಗತ್ತೆ.

ಹೋಲಿಕೆ ಅಂದಾಗ ನೆನಪಾಯ್ತು, ಸಮಛೇದ ಮಾಡದೆ ಯಾವುದು ದೊಡ್ಡದು ಹೇಳು ಅನ್ನೋ ಐದು ನಿಮಿಷದ ವಾದ, ದಿನಾ ಕ್ಲಾಸ್ ಶುರುವಿಗೆ ಒಂದೇ ಒಂದು ಜೋಡಿ. 3/7 ಮತ್ತೆ 5/9, ಒಂದು ಅರ್ಧಕ್ಕಿಂತ ಕೆಳಗೆ ಇನ್ನೊಂದು ಮೇಲೆ, ಮುಗೀತು. 4/9 ಮತ್ತೆ 4/11, ತುಂಡುಗಳ ಲೆಕ್ಕ ಒಂದೇ, ಯಾರ ತುಂಡು ದೊಡ್ಡದು ನೋಡಿದ್ರೆ ಸಾಕು. 5/6 ಮತ್ತೆ 7/8 ಕೊಟ್ಟಾಗ ಮಜಾ ಬರತ್ತೆ, ಎರಡಕ್ಕೂ ಒಂದೊಂದೇ ತುಂಡು ಕಮ್ಮಿ, ಹಾಗಾಗಿ ಸಮ ಅಂತ ಅರ್ಧ ಕ್ಲಾಸ್ ಹಟ ಹಿಡಿಯತ್ತೆ. ಕಮ್ಮಿ ಇರೋ ಆ ಒಂದು ತುಂಡು ಎಷ್ಟು ದೊಡ್ಡದು ಅಂತ ಒಬ್ಬರು ಕೇಳೋವರೆಗೆ ಕಾಯಿರಿ. ಅಲ್ಲಿ ನಿಮ್ಮ ಬಾಯಿಗೆ ಬೀಗ ಇರಲಿ.

ಒಳ್ಳೇ ವರ್ಕ್‌ಶೀಟಿಗಿಂತ ಜಾಸ್ತಿ ಸಂಕಲನ ವ್ಯವಕಲನ ಮಾಡಿಸೋ ಇನ್ನೊಂದು ಐಟಂ ಈಜಿಪ್ಟಿನದ್ದು. ಕ್ರಿಸ್ತಪೂರ್ವ 1600ರ ಆಸುಪಾಸಲ್ಲಿ ಅಹ್ಮೆಸ್ ಅನ್ನೋ ಲಿಪಿಕಾರ ನಕಲು ಮಾಡಿದ ಒಂದು ಪಪೈರಸ್ ಸುರುಳಿ ಇದೆ, ರೈಂಡ್ ಪಪೈರಸ್ ಅಂತ, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಲ್ಲಿದೆ. ಅವರು 2/3ಕ್ಕೆ ಒಂದು ಸ್ಪೆಷಲ್ ಚಿಹ್ನೆ ಬಿಟ್ರೆ ಹೆಚ್ಚುಕಮ್ಮಿ ಎಲ್ಲಾ ಭಿನ್ನರಾಶಿಗಳನ್ನೂ ಮೇಲೆ 1 ಇರೋ ಬೇರೆ ಬೇರೆ ಭಿನ್ನರಾಶಿಗಳ ಮೊತ್ತವಾಗಿ ಬರೀತಿದ್ರು, ಒಂದನ್ನೇ ಎರಡು ಸಲ ಬಳಸೋ ಹಾಗಿಲ್ಲ. ಆ ಸುರುಳಿಯಲ್ಲಿ 2/3ರಿಂದ 2/101ರವರೆಗೆ ಬೆಸ ಛೇದಗಳಿಗೆ ಒಂದು ಟೇಬಲ್ಲೇ ಇದೆ. 2/5 ಅಂದ್ರೆ 1/3 + 1/15, 2/7 ಅಂದ್ರೆ 1/4 + 1/28, 2/11 ಅಂದ್ರೆ 1/6 + 1/66. ಮೂರನ್ನೂ ಬೋರ್ಡ್ ಮೇಲೆ ಬರೆದು ಪ್ಯಾಟರ್ನ್ ಕೇಳಿ, ಆಮೇಲೆ ಅದೇ ಪ್ಯಾಟರ್ನಲ್ಲಿ 2/13 ಮಾಡಿಸಿ, 1/7 + 1/91 ಬರತ್ತೆ. ಆದ್ರೆ ಅಹ್ಮೆಸ್ ಬರೆದಿರೋದು 1/8 + 1/52 + 1/104. ಅದೂ ಸರಿನಾ ಅಂತ ಚೆಕ್ ಮಾಡಿ ಅಂದ್ರೆ ಸಾಕು, ಮೂರೂವರೆ ಸಾವಿರ ವರ್ಷದ ಹಿಂದಿನ ಲೆಕ್ಕದಲ್ಲಿ ತಪ್ಪು ಹುಡುಕೋ ಆಸೆಗೇ 104ರ ಛೇದಕ್ಕೆ ಹೆದರದೆ ಕೂತ್ಕೋತಾರೆ. ಸರಿನೇ ಇದೆ, 13 + 2 + 1, ಅಂದ್ರೆ 16/104.

ವ್ಯವಕಲನ ಬೇಕು ಅಂದ್ರೆ ಕೊಟ್ಟ ಭಿನ್ನರಾಶಿಯಿಂದ ಕಳೆಯಕ್ಕಾಗೋ, ಮೇಲೆ 1 ಇರೋ ಅತಿ ದೊಡ್ಡ ಭಿನ್ನರಾಶಿ ಕಳೀತಾ ಹೋಗಿ ಅನ್ನಿ. 4/5ರಿಂದ 1/2 ಹೋದ್ರೆ 3/10, ಅದರಿಂದ 1/4 ಹೋದ್ರೆ 1/20, ನಿಂತುಹೋಯ್ತು. ಹಾಗಾಗಿ 4/5 ಅಂದ್ರೆ 1/2 + 1/4 + 1/20. ನಮ್ಮವರದ್ದೂ ಇದೆ, 9ನೇ ಶತಮಾನದ ಮಹಾವೀರಾಚಾರ್ಯ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವನು, 1ನ್ನ ಹೀಗೆ ಎಷ್ಟು ತುಂಡಿಗೆ ಬೇಕಾದ್ರೂ ಒಡೆಯೋ ರೂಲ್ ಕೊಟ್ಟಿದ್ದಾನೆ. ಮೂರು ತುಂಡು ಅಂದ್ರೆ 1/2 + 1/3 + 1/6, ನಾಲ್ಕು ಅಂದ್ರೆ 1/2 + 1/3 + 1/9 + 1/18. ಐದು ಮಾಡಿ ಅಂತ ಬಿಡಿ. ಇನ್ನೂ ಮುಂದೆ ಹೋಗೋರಿಗೆ, ಮೇಲೆ 4 ಇರೋ ಯಾವುದೇ ಭಿನ್ನರಾಶಿಯನ್ನ, ಛೇದ 2 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ, ಇಂಥ ಮೂರರ ಮೊತ್ತವಾಗಿ ಬರೆಯಕ್ಕಾಗತ್ತಾ ಅನ್ನೋ ಪ್ರಶ್ನೆ. ಎರ್ಡಿಶ್ ಮತ್ತೆ ಸ್ಟ್ರೌಸ್ ಅನ್ನೋ ಇಬ್ಬರು ಗಣಿತಜ್ಞರು 1948ರಲ್ಲಿ ಆಗತ್ತೆ ಅಂತ ಊಹಿಸಿದ್ರು, ಇವತ್ತಿಗೂ ಯಾರೂ ಸಾಬೀತು ಮಾಡಿಲ್ಲ. ಅಲ್ಲಿ ಒಂದು ಸಡಿಲಿಕೆ ಇದೆ, ಮೂರೂ ಬೇರೆ ಬೇರೆ ಆಗಿರಲೇಬೇಕು ಅಂತ ಇಲ್ಲ. ಆರನೇ ಕ್ಲಾಸಿನ ಸಂಕಲನ ಗೊತ್ತಿದ್ರೆ ಅರ್ಥ ಆಗೋ ಪ್ರಶ್ನೆ, ಉತ್ತರ ದೊಡ್ಡ ದೊಡ್ಡವರಿಗೂ ಗೊತ್ತಿಲ್ಲ ಅಂದ್ರೆ ಹನ್ನೆರಡು ವರ್ಷದ ಮಕ್ಕಳಿಗೆ ಸಿಗೋ ಕಿಕ್ಕೇ ಬೇರೆ.

ಗುಣಾಕಾರಕ್ಕೆ ಜಾಸ್ತಿ ಹೇಳಲ್ಲ, ಕಾಗದ ಮಡಚಿಸಿ ಸಾಕು, ಉದ್ದಕ್ಕೆ ಮೂರು ಅಡ್ಡಕ್ಕೆ ನಾಲ್ಕು ಮಡಚಿ 2/3ರ 3/4 ಕಣ್ಣಾರೆ ಎಣಿಸಲಿ. ಲೆಕ್ಕ ಮಾಡೋ ಮುಂಚೆ ಉತ್ತರ ಆ ಎರಡೂ ಭಿನ್ನರಾಶಿಗಿಂತ ಚಿಕ್ಕದಾ ದೊಡ್ಡದಾ ಅಂತ ಒಂದು ಬೆಟ್ ಕಟ್ಟಿಸಿ.

ಭಾಗಾಕಾರ ಮಾತ್ರ ಸ್ವಲ್ಪ ನಿಧಾನವಾಗಿ ಮಾಡಬೇಕು, ತಲೆಕೆಳಗು ಮಾಡಿ ಗುಣಿಸು ಅನ್ನೋದು ಮಕ್ಕಳಿಗೆ ಮಂತ್ರ ಆಗಿಬಿಟ್ಟಿದೆ. ಯಾವುದನ್ನ ತಲೆಕೆಳಗು ಮಾಡೋದು ಅಂತಾನೇ ಮರೆತುಹೋಗತ್ತೆ. ಇದರಲ್ಲಿ ಅದು ಎಷ್ಟು ಸಲ ಹಿಡಿಯತ್ತೆ ಅಂತ ಕೇಳಿ. 3/4ರಲ್ಲಿ 1/8 ಎಷ್ಟು ಸಲ? 3/4 ಅಂದ್ರೆ 6/8, ಆರು ಸಲ. 1ರಲ್ಲಿ 2/3 ಎಷ್ಟು ಸಲ ಅಂದಾಗ ಜಗಳ ಬರತ್ತೆ. ಒಂದು ಸಲ ಹೋಗಿ 1/3 ಉಳೀತು, ಹಾಗಾಗಿ ಒಂದೂ ಮೂರನೇ ಒಂದು ಅಂತ ಒಬ್ಬ, ಸೂತ್ರದಲ್ಲಿ ಒಂದೂವರೆ ಬರತ್ತೆ ಅಂತ ಇನ್ನೊಬ್ಬ. ಉಳಿದ 1/3ನ್ನ ನಾವು ಅಳೀತಿರೋದು 2/3 ಉದ್ದದ ಪಟ್ಟಿಯಿಂದ, ಆ ಪಟ್ಟಿಯ ಅರ್ಧ ಅದು, ಹಾಗಾಗಿ ಒಂದೂವರೆ. ಪೇಪರ್ ಪಟ್ಟಿ ಕತ್ತರಿಸಿ ಅವರೇ ಇಟ್ಟು ನೋಡಲಿ. ಸಮಛೇದ ಮಾಡಿದ್ರೂ ಕೆಲಸ ಆಗತ್ತೆ, 3/4 ÷ 2/3 ಅಂದ್ರೆ 9/12 ÷ 8/12, ತುಂಡುಗಳು ಒಂದೇ ಸೈಜು, ಹಾಗಾಗಿ ಬರೀ 9 ÷ 8. ಇದಾದ ಮೇಲೆ 2 ÷ 1/2ಕ್ಕೆ ಒಂದು ಕಥೆ ಬರೀರಿ ಅನ್ನಿ. ಎರಡನ್ನ ಇಬ್ಬರಿಗೆ ಹಂಚಿದ್ರು ಅಂತ ಎಷ್ಟು ಜನ ಬರೀತಾರೆ ನೋಡಿ, ಅದು 2 ÷ 2ರ ಕಥೆ. ಯಾರಿಗೆ ಇನ್ನೂ ಹತ್ತಿಲ್ಲ ಅಂತ ತಿಳಿಯಕ್ಕೆ ಇದಕ್ಕಿಂತ ಸುಲಭ ದಾರಿ ಇಲ್ಲ.

ವರ್ಕ್‌ಶೀಟ್ ಎಸೆಯಿರಿ ಅಂತ ನಾನು ಹೇಳ್ತಿಲ್ಲ, ಕೈ ಓಡೋ ಸ್ಪೀಡಿಗೆ ಅದೂ ಬೇಕು. ಇರೋದನ್ನೇ ತಿರುಗಿಸಿ ಬಳಸಿ. ಹನ್ನೆರಡು ಲೆಕ್ಕ ಇದ್ರೆ, ಮೊದಲು ಪೆನ್ ಕೆಳಗಿಟ್ಟು ಯಾವ ಮೂರರ ಉತ್ತರ 1ಕ್ಕಿಂತ ಜಾಸ್ತಿ ಬರತ್ತೆ ಅಂತ ಗುರುತು ಹಾಕಿ, ಆಮೇಲೆ ನಿಮಗೆ ಕಷ್ಟ ಅನ್ಸಿದ ಐದನ್ನ ಮಾತ್ರ ಮಾಡಿ ಅನ್ನಿ. ಪೇಜಿನ ತುಂಬ ಬರೀ ಸಂಕಲನ ಇದ್ರೆ ಯೋಚ್ನೆನೇ ಬೇಡ, ಹಾಗಾಗಿ ನಾಲ್ಕೂ ಕ್ರಿಯೆ ಬೆರೆಸಿ ಕೊಡಿ, ಯಾವುದಕ್ಕೆ ಸಮಛೇದ ಬೇಕು ಯಾವುದಕ್ಕೆ ಬೇಡ ಅನ್ನೋ ತೀರ್ಮಾನ ಅವರದ್ದಾಗಲಿ. ಅಥವಾ ಉಲ್ಟಾ ಮಾಡಿ, ಉತ್ತರ 5/6, ಪ್ರಶ್ನೆ ನೀವು ಮಾಡಿ, ಪ್ರತಿಯೊಬ್ಬರೂ ನಾಲ್ಕು, ಅದರಲ್ಲಿ ಒಂದಾದ್ರೂ ವ್ಯವಕಲನ ಇರಬೇಕು. ನೋಡಿ ಬರೆಯೋ ಕಾಯಿಲೆಗೆ ಇದೇ ಮದ್ದು, ಪಕ್ಕದವನದ್ದೇ ನಿನ್ನದೂ ಆದ್ರೆ ಇಬ್ಬರದ್ದೂ ಲೆಕ್ಕಕ್ಕಿಲ್ಲ ಅಂತ ರೂಲ್ ಇಟ್ಬಿಡಿ.

ಗಲಾಟೆ ಬಗ್ಗೆ. ಈ ಆಟಗಳಲ್ಲಿ ಸದ್ದು ಇರತ್ತೆ, ಯಾವ ಸದ್ದು ಅಂತ ಕೇಳಿಸ್ಕೊಳ್ಳಿ, ನಂದು ಹತ್ರ ನಿಂದು ದೂರ ಅಂತ ಕಿತ್ತಾಡ್ತಿದ್ರೆ ಬಿಟ್ಟುಬಿಡಿ. ನಾಲ್ಕೈದು ಜನರ ಗುಂಪು ಬೇಡ, ಒಬ್ಬ ಮಾಡ್ತಾನೆ ಉಳಿದವರು ಕಿಟಕಿ ನೋಡ್ತಾರೆ, ಇಬ್ಬಿಬ್ಬರ ಜೋಡಿಗೆ ಒಂದೇ ಪೆನ್ ಕೊಡಿ, ಬರೆಯೋನು ಬೇರೆ, ಏನು ಬರೀಬೇಕು ಅಂತ ಹೇಳೋನು ಬೇರೆ, ಪ್ರತಿ ರೌಂಡಿಗೂ ಬದಲಾಯಿಸ್ಕೋಬೇಕು. ಆಟ ಮುಗಿದ ಮೇಲೆ ಕೊನೇ ಐದು ನಿಮಿಷ ಮಾತ್ರ ಪಿನ್‌ಡ್ರಾಪ್ ಸೈಲೆನ್ಸ್, ನೋಟ್ಸಲ್ಲಿ ಒಂದು ವಾಕ್ಯ ಬರೀಬೇಕು, ಯಾವ ಅಂಕಿಯನ್ನ ಎಲ್ಲಿ ಇಟ್ಟೆ, ಯಾಕೆ. ನಿಮ್ಮ ಗೇಮು ಖುಷಿ ಕೊಟ್ರೂ ಟೆಸ್ಟಲ್ಲಿ ಕಾಣದೇ ಇರೋದಕ್ಕೆ ಈ ಐದು ನಿಮಿಷ ಇಲ್ಲದೇ ಇದ್ದಿದ್ದೂ ಒಂದು ಕಾರಣ ಇರಬಹುದು. ಆಟಕ್ಕೆ ಮಾರ್ಕ್ಸ್ ಮಾತ್ರ ಇಡಬೇಡಿ.

ಇನ್ನೊಂದು ಕೇಳದೇ ಇರೋ ಪ್ರಶ್ನೆಗೆ ಉತ್ತರ. ಹಿಂದುಳಿಯೋ ಮಕ್ಕಳಲ್ಲಿ ಸುಮಾರು ಜನಕ್ಕೆ ಕಷ್ಟ ಆಗ್ತಿರೋದು ಭಿನ್ನರಾಶಿ ಅಲ್ಲ, ಮಗ್ಗಿ. 7 ಎಂಟ್ಲೆ ಎಷ್ಟು ಅಂತ ಬೆರಳೆಣಿಸೋ ಹೊತ್ತಿಗೆ ಯಾಕೆ ಗುಣಿಸ್ತಿದ್ದೆ ಅನ್ನೋದೇ ಮರೆತುಹೋಗಿರತ್ತೆ. ಅಂಥವರಿಗೆ ಮಗ್ಗಿ ಚಾರ್ಟ್ ಡೆಸ್ಕಿಗೇ ಅಂಟಿಸಿ ಕೊಡಿ, ನಾಚಿಕೆ ಬೇಡ, ಭಿನ್ನರಾಶಿ ಆಟದಲ್ಲಿ ಅದು ಚೀಟಿಂಗ್ ಅಲ್ಲ. ಮಗ್ಗಿ ಬೇರೆ ಹೊತ್ತಲ್ಲಿ ಕಲೀಲಿ.

ಎಲ್ಲಾ ಒಂದೇ ವಾರದಲ್ಲಿ ಶುರು ಮಾಡಕ್ಕೆ ಹೋಗಬೇಡಿ. ನಾಲ್ಕು ಅಂಕಿಯ ಆಟಕ್ಕೆ ಬೋರ್ಡ್ ಬಿಟ್ರೆ ಏನೂ ಬೇಡ, ಅದರಿಂದ ಶುರು ಮಾಡಿ, ದಿನದ ಒಂದು ಜೋಡಿ ಹೋಲಿಕೆ ಜೊತೆಗೆ ಇಟ್ಕೊಳ್ಳಿ. ಹಗ್ಗಕ್ಕೆ ಒಂದು ಪೂರ್ತಿ ಪೀರಿಯಡ್ ತೆಗೆದಿಡಿ, ಮಧ್ಯದಲ್ಲಿ ಬೆಲ್ ಹೊಡೆದ್ರೆ ಕಾರ್ಡುಗಳನ್ನ ಹಾಗೇ ಬಿಟ್ಟುಹೋಗಿ, ಮಾರನೇ ದಿನ ಅಲ್ಲಿಂದಾನೇ ಮುಂದುವರಿಸಬಹುದು. ಈಜಿಪ್ಟಿನದ್ದನ್ನ ಸಮಛೇದ ಕೈಗೆ ಹತ್ತಿದ ಮೇಲೆ ತಗೊಳ್ಳಿ, ಮುಂಚೆನೇ ತಂದ್ರೆ ಛೇದಗಳು ದೊಡ್ಡವಾಗಿ ಮಕ್ಕಳು ಸುಸ್ತು ಹೊಡೀತಾರೆ.